ಸುಮ್ನ ಯಾರರ ಓಡ್ತಾರೇನು?

ಹೋದ ತಿಂಗಳು ವಿಜಯಪುರದಲ್ಲಿ ಒಂದು ಸಣ್ಣ ಸಭೆಯಲ್ಲಿ ಓಟದ ಬಗ್ಗೆ ಮಾತಾಡಿದ್ದೆ. ನಲವತ್ತು ಕುರ್ಚಿ ಹಾಕಿದ್ದರು, ಮೂವತ್ತು ತುಂಬಿದ್ದವು. ಅದರಲ್ಲಿ ಹನ್ನೆರಡು ಮಂದಿ ಸೈನ್ಯ, ಪೊಲೀಸ್ ಭರ್ತಿಗೆ ತಯಾರಿ ಮಾಡುವ ಹುಡುಗರು, ನಾನೇ ಬೈದು ಕರೆತಂದವರು. ಮಾತಾಡಿದ್ದನ್ನು ಬರೆದುಕೊಡಿ ಮೇಡಂ ಅಂತ ಇಬ್ಬರು ಮೂವರು ಕೇಳಿದರು. ಬರೆಯಲು ಕುಳಿತಾಗ ಅಲ್ಲಿ ಮರೆತದ್ದೂ ಸೇರಿಕೊಂಡಿತು. ಅಲ್ಲಿ ಹೇಳಿದ್ದರಲ್ಲಿ ಒಂದೆರಡು ಮಾತು ತೆಗೆದೂ ಹಾಕಿದ್ದೇನೆ, ಯಾವುದು ಅಂತ ಬಂದವರಿಗೆ ಗೊತ್ತು.

ನಾನು ಹೈಸ್ಕೂಲಿನಲ್ಲಿ ಪಿಟಿ ಟೀಚರ್. ಇಪ್ಪತ್ತು ವರ್ಷ ಸೀಟಿ ಊದಿ ಮಕ್ಕಳನ್ನು ಓಡಿಸಿದೆ, ನಾನು ಮಾತ್ರ ನೆರಳಲ್ಲಿ ನಿಂತಿದ್ದೆ. ನಲವತ್ತೊಂದನೇ ವಯಸ್ಸಿಗೆ ಡಾಕ್ಟರು ಶುಗರ್ ಬಾರ್ಡರಿನಲ್ಲಿದೆ ಅಂದರು. ಮರುದಿನ ಬೆಳಗ್ಗೆ ಚೂಡಿದಾರದ ಮೇಲೆ ಮಗನ ಬೂಟು ಹಾಕಿಕೊಂಡು ಅಥಣಿ ರಸ್ತೆಯ ಕಡೆ ಹೊರಟೆ. ಸ್ವಲ್ಪ ದೂರ ಓಡಿದ್ದೆನೋ ಇಲ್ಲವೋ, ಹಾಲಿನ ಕ್ಯಾನು ಕಟ್ಟಿಕೊಂಡು ಸೈಕಲ್ ಮೇಲೆ ಬರುತ್ತಿದ್ದ ಒಬ್ಬ ಅಜ್ಜ ಬ್ರೇಕ್ ಹಾಕಿ ನಿಂತರು. ಮುಖದಲ್ಲಿ ಗಾಬರಿ. "ಯಾಕವ್ವಾ, ಏನಾತು? ಮನ್ಯಾಗ ಎಲ್ಲಾರೂ ಅರಾಮ್ ಅದಾರಿಲ್ಲ?"

"ಏನಿಲ್ಲಜ್ಜಾ, ಸುಮ್ನ ಓಡಾಕತ್ತೀನಿ" ಅಂದೆ.

"ಸುಮ್ನ ಯಾರರ ಓಡ್ತಾರೇನು?" ಅಂದು, ತಲೆ ಅಲ್ಲಾಡಿಸಿ, ಸೈಕಲ್ ತುಳಿದುಕೊಂಡು ಹೋದರು.

ಅವತ್ತು ನನಗೆ ಸಿಟ್ಟು ಬಂತು. ಆಮೇಲೆ ಅನ್ನಿಸಿತು, ಅಜ್ಜ ಕೇಳಿದ್ದರಲ್ಲಿ ತಪ್ಪೇನಿದೆ? ನಮ್ಮ ಕಡೆ ವಯಸ್ಸಾದವರು ರಸ್ತೆ ಮೇಲೆ ಓಡಿದರೆ ಬಸ್ಸು ತಪ್ಪುತ್ತಿರಬೇಕು, ಇಲ್ಲಾ ಯಾರೋ ಹೋಗಿರಬೇಕು, ಇಲ್ಲಾ ನಾಯಿ ಬೆನ್ನು ಹತ್ತಿರಬೇಕು. ನಮ್ಮ ಮಾತೇ ನೋಡಿ. "ಆ ಹುಡುಗಿ ಓಡಿ ಹೋದ್ಲಂತ" ಅಂದರೆ ಯಾರೂ ಎಷ್ಟು ಕಿಲೋಮೀಟರ್ ಅಂತ ಕೇಳುವುದಿಲ್ಲ, ಯಾರ ಜೋಡಿ ಅಂತ ಕೇಳುತ್ತಾರೆ. ಕಚೇರಿ ಕೆಲಸಕ್ಕೆ ಅಲೆದರೆ ಓಡಾಟ. ಅಂಗಡಿ ಚೆನ್ನಾಗಿ ನಡೆದರೆ ವ್ಯಾಪಾರ ಓಡುತ್ತಿದೆ. ಕನ್ನಡದಲ್ಲಿ ಎಲ್ಲವೂ ಓಡುತ್ತವೆ, ದೊಡ್ಡ ಮನುಷ್ಯ ಒಬ್ಬನನ್ನು ಬಿಟ್ಟು. ಅವನು "ವಾಕಿಂಗ್" ಹೋಗುತ್ತಾನೆ. ಗೋಲಗುಮ್ಮಟದ ಆವರಣದಲ್ಲಿ ಬೆಳಗ್ಗೆ ನೋಡಿ, ವಾಕಿಂಗ್ ಮರ್ಯಾದೆಯ ಕೆಲಸ, ಬೇರೆ ಊರಿನ ವಿಚಾರ ಮಾತಾಡಿಕೊಂಡು ಹೋಗಬಹುದು. ಓಡಿದರೆ ಮಾತು ನಿಲ್ಲುತ್ತದೆ, ಸೆರಗು ಜಾರುತ್ತದೆ, ಮರ್ಯಾದೆ ಹೋಗುತ್ತದೆ.

ಹಾಗಾಗಿ ನಾನು ಅಜ್ಜನ ಪ್ರಶ್ನೆ ಹಿಡಿದುಕೊಂಡು ಬೇರೆ ಬೇರೆ ದೇಶದ ಓಟದ ಬಗ್ಗೆ ಓದಲು ಶುರು ಮಾಡಿದೆ. ಅಲ್ಲಿಯವರು ಯಾಕೆ ಓಡುತ್ತಾರೆ, ಯಾರ ಜೊತೆ ಓಡುತ್ತಾರೆ, ಯಾರಿಗಾಗಿ ಓಡುತ್ತಾರೆ. ಎಷ್ಟು ಓದಿದರೂ ಅಜ್ಜನ ಮಾತೇ ಗಟ್ಟಿಯಾಗುತ್ತಾ ಹೋಯಿತು. ಸುಮ್ನೆ ಓಡಿದವರು ಬಹಳ ಕಡಿಮೆ.

ಮೊದಲು ನಮ್ಮ ಪಕ್ಕದ ಜಿಲ್ಲೆಯಿಂದಲೇ ಶುರು ಮಾಡೋಣ. ಸಭೆಯಲ್ಲಿ ಪಿ.ಡಿ. ಚೌಗುಲೆ ಅಂದರೆ ಯಾರು ಗೊತ್ತಾ ಅಂತ ಕೇಳಿದೆ. ಒಂದು ಕೈಯೂ ಏಳಲಿಲ್ಲ. ಫಡೆಪ್ಪ ಚೌಗುಲೆ, ಬೆಳಗಾವಿಯವರು. 1920ರಲ್ಲಿ ಬೆಲ್ಜಿಯಮ್ಮಿನ ಆಂಟ್ವರ್ಪ್ ಒಲಿಂಪಿಕ್ಸಿನಲ್ಲಿ ಮ್ಯಾರಥಾನ್ ಓಡಿ 19ನೇಯವರಾಗಿ ಬಂದರು. ಭಾರತ ತಂಡ ಕಟ್ಟಿ ಒಲಿಂಪಿಕ್ಸಿಗೆ ಕಳಿಸಿದ್ದು ಅದೇ ಮೊದಲು. ಅದಕ್ಕೆ ಹಿಂದಿನ ವರ್ಷ ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ಹಳ್ಳಿಯ ಹುಡುಗರು ಬರಿಗಾಲಲ್ಲಿ ಓಡುವುದನ್ನು ದೊರಾಬ್ಜಿ ಟಾಟಾ ನೋಡಿದ್ದರು. ಇವರ ಟೈಮಿಂಗು ಯುರೋಪಿನವರಿಗಿಂತ ಬಹಳ ಹಿಂದೆ ಇಲ್ಲವಲ್ಲ ಅಂತ ಅವರಿಗೆ ಅನ್ನಿಸಿತು, ಅಲ್ಲಿಂದ ಒಲಿಂಪಿಕ್ಸಿನ ವಿಚಾರ ಬಂತು. ಚೌಗುಲೆಯವರ ಟೈಮು 2 ಗಂಟೆ 50 ನಿಮಿಷ. ಇವತ್ತು ಸಾವಿರಾರು ರೂಪಾಯಿ ಬೂಟು, ಕೈಯಲ್ಲಿ ಜಿಪಿಎಸ್ ವಾಚು ಕಟ್ಟಿಕೊಂಡವರು ಮೂರು ಗಂಟೆಯೊಳಗೆ ಮುಗಿಸಿದರೆ ಊರೆಲ್ಲಾ ಸಿಹಿ ಹಂಚುತ್ತಾರೆ. ಅದೇ ತಂಡದಲ್ಲಿ ಧಾರವಾಡದ ಕೈಕಿಣಿ ಅನ್ನುವವರೂ ಇದ್ದರು. ಓಟ ನಮ್ಮ ಮಂದಿಯದಲ್ಲ ಅಂತ ಯಾರಾದರೂ ಅಂದರೆ ಈ ಎರಡು ಹೆಸರು ಹೇಳಿ.

ಸರಿ, ಕೆನ್ಯಾ. ಓಟ ಅಂದರೆ ಎಲ್ಲರೂ ಮೊದಲು ಕೇಳುವುದು ಅದನ್ನೇ. "ಅವರ ರಕ್ತದಾಗ ಐತ್ರಿ ಅದು" ಅಂತ ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು ತೀರ್ಪು ಕೊಟ್ಟುಬಿಟ್ಟಿದ್ದಾರೆ. ರಕ್ತದಲ್ಲಿ ಏನೂ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ರಕ್ತ ಒಂದೇ ಇದ್ದಿದ್ದರೆ ಕೆನ್ಯಾದವರೆಲ್ಲಾ ಓಡಬೇಕಿತ್ತು, ಅಲ್ವಾ? ಅಲ್ಲಿನ ದೊಡ್ಡ ಓಟಗಾರರಲ್ಲಿ ಬಹಳ ಮಂದಿ ಕಾಲೆಂಜಿನ್ ಅನ್ನುವ ಜನ, ರಿಫ್ಟ್ ಕಣಿವೆಯ ಎತ್ತರದ ಪ್ರದೇಶದವರು. ಇಟೆನ್ ಅಂತ ಒಂದು ಊರಿದೆ, ನಮ್ಮ ಒಂದು ತಾಲೂಕು ಕೇಂದ್ರದಷ್ಟೂ ದೊಡ್ಡದಲ್ಲ. ಸುಮಾರು 2,400 ಮೀಟರ್ ಎತ್ತರ. ವಿಜಯಪುರ ಇರುವುದು ಸುಮಾರು 600 ಮೀಟರಿನಲ್ಲಿ. ಅಲ್ಲಿ ಗಾಳಿ ತೆಳು, ಅಲ್ಲೇ ಬೆಳೆದ ಮೈಗೆ ಅದು ರೂಢಿ.

ಆದರೆ ನನಗೆ ಎತ್ತರಕ್ಕಿಂತ ಬೇರೆ ಎರಡು ವಿಷಯ ಮುಖ್ಯ ಅನ್ನಿಸಿತು. ಒಂದು, ಅಲ್ಲಿ ಬೆಳಗ್ಗೆ ಆರಕ್ಕೆ ಕೆಂಪು ಮಣ್ಣಿನ ರಸ್ತೆ ಮೇಲೆ ಗುಂಪು ಗುಂಪಾಗಿ ಹೊರಡುತ್ತಾರೆ. ಒಲಿಂಪಿಕ್ಸ್ ಗೆದ್ದವನೂ ಇರುತ್ತಾನೆ, ನಿನ್ನೆ ಹಳ್ಳಿಯಿಂದ ಹರಿದ ಬೂಟು ಹಾಕಿಕೊಂಡು ಬಂದವನೂ ಇರುತ್ತಾನೆ. ಎಷ್ಟು ದೂರ ತಡೆದುಕೊಳ್ಳುತ್ತೀಯೋ ಅಷ್ಟು ದೂರ ಬಾ, ಆಗಲಿಲ್ಲವಾ, ಹಿಂದೆ ಬೀಳು, ನಾಳೆ ಮತ್ತೆ ಬಾ. ಫೀಸು ಇಲ್ಲ. ಎರಡನೇದು, ಎಲಿಯೂಡ್ ಕಿಪ್ಚೋಗೆ. 2019ರ ಅಕ್ಟೋಬರ್ 12ಕ್ಕೆ ವಿಯೆನ್ನಾದಲ್ಲಿ 42 ಕಿಲೋಮೀಟರನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದ ಮನುಷ್ಯ. ಅವನಿಗೆ ಮುಂದೆ ಓಡಲು ಜೋಡಿ ಓಟಗಾರರನ್ನು ಪಾಳಿ ಮೇಲೆ ಬಿಟ್ಟಿದ್ದರು, ಅದಕ್ಕೇ ಅದು ಅಧಿಕೃತ ದಾಖಲೆ ಆಗಲಿಲ್ಲ. ಅದು ಇರಲಿ. ನನಗೆ ಹಿಡಿಸಿದ್ದು ಬೇರೆ. ಇಷ್ಟು ದುಡ್ಡು, ಹೆಸರು ಮಾಡಿದ ಮೇಲೂ ವಾರದ ಬಹಳ ದಿನ ಮನೆ ಬಿಟ್ಟು ಕಪ್ಟಗಾಟ್ ಅನ್ನುವ ಊರಿನ ಕ್ಯಾಂಪಿನಲ್ಲೇ ಇರುತ್ತಿದ್ದ. ಅಲ್ಲಿ ಪಾಳಿ ಬಂದಾಗ ಕಕ್ಕಸು ತೊಳೆಯುತ್ತಿದ್ದ. ನಮ್ಮಲ್ಲಿ ಜಿಲ್ಲಾ ಮಟ್ಟಕ್ಕೆ ಆಯ್ಕೆಯಾದ ಹುಡುಗ ಮರುದಿನ ಕ್ಲಾಸಿನ ಕಸ ಗುಡಿಸು ಅಂದರೆ ಮುಖ ನೋಡುತ್ತಾನೆ.

ಅಲ್ಲಿ ಓಟ ಹೊಟ್ಟೆಪಾಡು, ಅದನ್ನು ಮುಚ್ಚಿಡುವ ಅಗತ್ಯ ಇಲ್ಲ. ಒಂದು ರೇಸು ಗೆದ್ದರೆ ಜಮೀನು, ಎರಡು ದನ, ತಮ್ಮನ ಫೀಸು. ಪೊಲೀಸ್, ಸೈನ್ಯ, ಜೈಲು ಇಲಾಖೆ, ಎಲ್ಲವೂ ಓಟಗಾರರಿಗೆ ನೌಕರಿ ಕೊಡುತ್ತವೆ. ದುಡ್ಡಿನ ಹಿಂದೆ ಕೆಟ್ಟದ್ದೂ ಬಂದಿದೆ. ಮದ್ದು ತೆಗೆದುಕೊಂಡು ನಿಷೇಧಕ್ಕೆ ಒಳಗಾದ ಕೆನ್ಯಾದವರ ಪಟ್ಟಿ ಸಣ್ಣದಲ್ಲ, 1,500 ಮೀಟರಿನ ವಿಶ್ವ ಚಾಂಪಿಯನ್ ಆಸ್ಬೆಲ್ ಕಿಪ್ರಾಪ್ ಕೂಡ ಅದರಲ್ಲಿದ್ದಾನೆ. ಆಗ್ನೆಸ್ ಟಿರಾಪ್ ಅನ್ನುವ ಹುಡುಗಿ 2021ರ ಸೆಪ್ಟೆಂಬರಿನಲ್ಲಿ, ಬರೀ ಹೆಂಗಸರೇ ಓಡುವ ರೇಸಿನಲ್ಲಿ, 10 ಕಿಲೋಮೀಟರಿನ ವಿಶ್ವದಾಖಲೆ ಮಾಡಿದಳು. ಅಕ್ಟೋಬರಿನಲ್ಲಿ ಇಟೆನ್‌ನ ತನ್ನ ಮನೆಯಲ್ಲೇ ಕೊಲೆಯಾದಳು. ಆಗ ಅವಳಿಗೆ 25 ವರ್ಷ. ಹೆಣ್ಣು ಓಡಿ ಗಳಿಸಿದರೆ ಆ ದುಡ್ಡು ಯಾರದ್ದು ಅನ್ನುವ ಜಗಳ ಅಲ್ಲಿನ ಎಷ್ಟೋ ಮನೆಗಳಲ್ಲಿದೆ. ಕೆನ್ಯಾ ಕೆನ್ಯಾ ಅಂತ ಹಾಡುವವರು ಇದನ್ನೂ ಓದಬೇಕು.

ಪಕ್ಕದ ಇಥಿಯೋಪಿಯಾದಲ್ಲಿ ಒಂದು ವಿಚಿತ್ರ ಪದ್ಧತಿ ಇದೆ. ಅಡಿಸ್ ಅಬಾಬಾ ಮೇಲಿನ ಎಂಟೊಟೊ ಗುಡ್ಡದ ನೀಲಗಿರಿ ತೋಪಿನಲ್ಲಿ ಸಾಲಾಗಿ, ಮುಂದಿನವನ ಪಾದ ನೋಡಿಕೊಂಡು, ಮರಗಳ ನಡುವೆ ಹಾವಿನ ಹಾಗೆ ಅತ್ತ ಇತ್ತ ತಿರುಗುತ್ತಾ ಓಡುತ್ತಾರೆ. ಒಬ್ಬನೇ ಓಡುವವನನ್ನು ಅಲ್ಲಿ ಒಳ್ಳೆಯ ದೃಷ್ಟಿಯಿಂದ ನೋಡುವುದಿಲ್ಲ. ಒಬ್ಬನೇ ಉಣ್ಣುವವನ ಬಗ್ಗೆ ನಮ್ಮ ಹಿರಿಯರು ಏನನ್ನುತ್ತಾರೋ ಹಾಗೆ. ಮುಂದಿನವನು ವೇಗ ಹಿಡಿಯುತ್ತಾನೆ, ಹಿಂದಿನವನು ಆ ವೇಗದ ಮೇಲೆ ಕೂತು ಬರುತ್ತಾನೆ, ಆಮೇಲೆ ಪಾಳಿ ಬದಲಾಗುತ್ತದೆ. ಬೆಕೋಜಿ ಅನ್ನುವ ಒಂದೇ ಊರಿನಿಂದ ಡೆರಾರ್ಟು ತುಲು, ಕೆನೆನಿಸಾ ಬೆಕೆಲೆ, ತಿರುನೆಶ್ ದಿಬಾಬಾ, ಮೂವರೂ ಒಲಿಂಪಿಕ್ ಚಿನ್ನದವರು. ನಮ್ಮ ಇಂಡಿಯಿಂದಲೋ ಮುಧೋಳದಿಂದಲೋ ಮೂರು ಜನ ಹೀಗೆ ಹೊರಟರೆ ಹೇಗಿರುತ್ತದೆ, ಊಹಿಸಿಕೊಳ್ಳಿ.

ಈಗ ನನಗೆ ಎಲ್ಲರಿಗಿಂತ ಜಾಸ್ತಿ ಇಷ್ಟವಾದವರ ಕಡೆ ಬರುತ್ತೇನೆ. ಮೆಕ್ಸಿಕೋದ ಚಿಹುವಾಹುವಾ ಸೀಮೆಯಲ್ಲಿ, ಆಳವಾದ ಕಣಿವೆಗಳಲ್ಲಿ ರಾರಾಮುರಿ ಅನ್ನುವ ಜನ ಇದ್ದಾರೆ, ಹೊರಗಿನವರು ತರಾಹುಮಾರಾ ಅನ್ನುತ್ತಾರೆ. ಅವರ ಓಟಕ್ಕೆ ರಾರಾಹಿಪಾರಿ ಅಂತ ಹೆಸರು. ಎರಡು ಊರಿನ ಎರಡು ತಂಡ. ಕೈಯಲ್ಲಿ ಕೆತ್ತಿದ ಒಂದು ಮರದ ಚೆಂಡು. ಅದನ್ನು ಕಾಲಲ್ಲಿ ಎತ್ತಿ ಎಸೆಯಬೇಕು, ಹಿಂದೆ ಓಡಬೇಕು, ಮತ್ತೆ ಎಸೆಯಬೇಕು. ಸಂಜೆಯಾದರೂ ಮುಗಿಯದಿದ್ದರೆ ಪಂಜು ಹಚ್ಚಿಕೊಂಡು ರಾತ್ರಿಯೆಲ್ಲಾ ಓಡುತ್ತಾರೆ. ಹೆಂಗಸರಿಗೆ ಬೇರೆ ಆಟ, ಚೆಂಡಿನ ಬದಲು ಬಳೆಯಂಥ ಉಂಗುರ, ಅದನ್ನು ಕೋಲಿನಿಂದ ಎತ್ತಿ ಎಸೆದು ಓಡುವುದು. ಮುದುಕರು, ಹುಡುಗರು, ಎಲ್ಲರೂ ಪಕ್ಕದಲ್ಲಿ ಓಡುತ್ತಾ ಕೂಗುತ್ತಾ ನೀರು ಕೊಡುತ್ತಾರೆ. ಮೇಲೆ ಬಾಜಿ! ಬಟ್ಟೆ, ಆಡು, ದುಡ್ಡು, ಏನು ಬೇಕಾದರೂ ಕಟ್ಟುತ್ತಾರೆ. ಮೆಕ್ಕೆಜೋಳದ ಬಿಯರ್ ಕುಡಿಯುತ್ತಾರೆ. ಅವರಿಗೆ ಇದು ಆಟ, ಜಾತ್ರೆ, ದೇವರ ಕೆಲಸ ಎಲ್ಲಾ ಒಟ್ಟಿಗೆ. ನನಗೆ ಓದುವಾಗ ಪದೇ ಪದೇ ನಮ್ಮ ಜಾತ್ರೆಯ ಕಲ್ಲು ಎತ್ತುವ ಪಂದ್ಯ ಕಣ್ಣಿಗೆ ಬರುತ್ತಿತ್ತು. ಯಾರಾದರೂ ಬಂದು ಅವರನ್ನು "ನೀವು ಫಿಟ್‌ನೆಸ್‌ಗಾಗಿ ಕಲ್ಲು ಎತ್ತುತ್ತೀರಾ" ಅಂತ ಕೇಳಿದರೆ ಹೇಗಿರುತ್ತದೆ?

1928ರಲ್ಲಿ ಮೆಕ್ಸಿಕೋ ಇವರಲ್ಲಿ ಇಬ್ಬರನ್ನು ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್ ಮ್ಯಾರಥಾನಿಗೆ ಕಳಿಸಿತು. ಪದಕ ಬರಲಿಲ್ಲ. ಓಟ ಇಷ್ಟು ಬೇಗ ಮುಗಿದುಹೋಯಿತಲ್ಲ ಅಂತ ಅವರು ಬೇಜಾರು ಮಾಡಿಕೊಂಡರು ಅಂತ ಒಂದು ಕಥೆ ಇದೆ. ಕಥೆಯೇ ಇರಬಹುದು. ಆದರೆ 1993ರದ್ದು ಕಥೆಯಲ್ಲ. ಅಮೆರಿಕದ ಕೊಲೊರಾಡೋದಲ್ಲಿ, ಲೆಡ್‌ವಿಲ್ ಅನ್ನುವ ಕಡೆ, 3,000 ಮೀಟರಿಗಿಂತ ಎತ್ತರದಲ್ಲಿ 160 ಕಿಲೋಮೀಟರ್ ಓಟ. ಗೆದ್ದವನು ವಿಕ್ಟೋರಿಯಾನೊ ಚುರ್ರೊ, ಐವತ್ತು ದಾಟಿದ ರಾರಾಮುರಿ ರೈತ, ಕಾಲಲ್ಲಿ ಹಳೇ ಟೈರು ಕತ್ತರಿಸಿ ಮಾಡಿದ ಚಪ್ಪಲಿ. 2017ರಲ್ಲಿ ಲೊರೆನಾ ರಾಮಿರೆಜ್ ಅನ್ನುವ ಇಪ್ಪತ್ತೆರಡರ ಹುಡುಗಿ ಲಂಗ ಮತ್ತು ಚಪ್ಪಲಿಯಲ್ಲೇ 50 ಕಿಲೋಮೀಟರ್ ಓಟ ಗೆದ್ದಳು. ಆ ಫೋಟೋ ನಮ್ಮ ಸ್ಕೂಲಿನ ಹುಡುಗಿಯರಿಗೆ ತೋರಿಸಿದೆ. "ಟೀಚರ್, ಇಕಿ ನಮ್ಮಂಗ ಲಂಗಾ ಹಾಕ್ಯಾಳ!" ಅಂದರು. ಅಷ್ಟು ದಿನ ಟ್ರ್ಯಾಕ್ ಪ್ಯಾಂಟ್ ಇಲ್ಲ ಅಂತ ನೆಪ ಹೇಳುತ್ತಿದ್ದವಳು ಅವತ್ತು ಸುಮ್ಮನಾದಳು.

ಹುಡುಗಿಯರ ವಿಷಯ ಬಂತು, ಇಲ್ಲೇ ಸ್ವಲ್ಪ ನಿಲ್ಲುತ್ತೇನೆ. ಸಭೆಯಲ್ಲೂ ನಿಂತಿದ್ದೆ.

ಆರು ಏಳನೇ ಕ್ಲಾಸಿನಲ್ಲಿ ನಮ್ಮ ಹುಡುಗಿಯರು ಹುಡುಗರನ್ನು ಹಿಂದೆ ಹಾಕಿ ಓಡುತ್ತಾರೆ. ಎಂಟನೇ ಕ್ಲಾಸಿಗೆ ಬರುವಷ್ಟರಲ್ಲಿ ಒಬ್ಬೊಬ್ಬಳೇ ಗ್ರೌಂಡಿನಿಂದ ಮಾಯವಾಗುತ್ತಾಳೆ. ತಾಯಿ ಬಂದು ದನಿ ತಗ್ಗಿಸಿ ಹೇಳುತ್ತಾರೆ, "ಅಕ್ಕಾರ, ಇನ್ ಮ್ಯಾಲ ಆಕಿನ್ನ ಓಡಿಸಬ್ಯಾಡ್ರಿ, ದೊಡ್ಡಾಕಿ ಆಗ್ಯಾಳ." ಆರತಿ ಮಾಡುತ್ತಾರೆ, ಹೊಸ ಸೀರೆ ಉಡಿಸುತ್ತಾರೆ, ಉಂಡಿ ಮಾಡಿ ತಿನ್ನಿಸುತ್ತಾರೆ, ಮೂಲೆಯಲ್ಲಿ ಕೂರಿಸುತ್ತಾರೆ. ಆ ಹುಡುಗಿ ಮತ್ತೆ ಓಡುವುದು ಬಸ್ಸು ಹಿಡಿಯಲು ಮಾತ್ರ. ಅಮೆರಿಕದ ನವಾಹೋ ಅನ್ನುವ ಮೂಲನಿವಾಸಿಗಳಲ್ಲೂ ಹುಡುಗಿ ದೊಡ್ಡವಳಾದರೆ ನಾಲ್ಕು ದಿನದ ಶಾಸ್ತ್ರ ಇದೆ, ಕಿನಾಲ್ಡಾ ಅನ್ನುತ್ತಾರೆ. ಅಲ್ಲೂ ಕೂದಲು ಬಾಚಿ ಕಟ್ಟುತ್ತಾರೆ, ಒಡವೆ ಹಾಕುತ್ತಾರೆ, ಹಾಡು ಹೇಳುತ್ತಾರೆ. ಆಮೇಲೆ ಓಡಿಸುತ್ತಾರೆ! ಸೂರ್ಯ ಹುಟ್ಟುವ ದಿಕ್ಕಿಗೆ ಅವಳು ಓಡಬೇಕು, ಹೋದಷ್ಟೂ ದೂರ ಜಾಸ್ತಿ ಮಾಡಬೇಕು. ಹಿಂದೆ ನೆಂಟರ ಹುಡುಗರು, ಗೆಳತಿಯರು ಕೂಗುತ್ತಾ ಓಡುತ್ತಾರೆ, ಆದರೆ ಯಾರೂ ಅವಳನ್ನು ದಾಟಿ ಮುಂದೆ ಹೋಗುವಂತಿಲ್ಲ, ಹೋದರೆ ಅವರಿಗೆ ಬೇಗ ಮುಪ್ಪು ಬರುತ್ತದೆ ಅಂತ ನಂಬಿಕೆ. ಅವಳು ಹೇಗೆ ಓಡುತ್ತಾಳೋ ಅವಳ ಬಾಳೂ ಹಾಗೆ ಗಟ್ಟಿಯಾಗುತ್ತದೆ ಅಂತ ಅವರ ಲೆಕ್ಕ. ಅದೇ ವಯಸ್ಸು, ಅದೇ ಕಾರಣ, ಅದೇ ಸಡಗರ. ಒಂದು ಕಡೆ ಕೂರಿಸುತ್ತಾರೆ, ಇನ್ನೊಂದು ಕಡೆ ಓಡಿಸುತ್ತಾರೆ. ಮುಂದಿನ ಸಾಲಿನಲ್ಲಿ ಕೂತಿದ್ದ ಇಬ್ಬರು ತಾಯಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟು ಸಾಕು ನನಗೆ.

ಹಾಗಂತ ಬೇರೆ ಕಡೆ ಎಲ್ಲಾ ಸರಿ ಇತ್ತು ಅಂತ ಅಲ್ಲ. ಬೋಸ್ಟನ್ ಮ್ಯಾರಥಾನಿನಲ್ಲಿ 1967ರಲ್ಲಿ ಕ್ಯಾಥರಿನ್ ಸ್ವಿಟ್ಜರ್ ಓಡುತ್ತಿದ್ದಾಗ ಒಬ್ಬ ಅಧಿಕಾರಿ ನಡುರಸ್ತೆಯಲ್ಲಿ ಅವಳ ನಂಬರು ಕಿತ್ತುಕೊಳ್ಳಲು ಹೋದ. ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ ಮ್ಯಾರಥಾನ್ ಬಂದಿದ್ದೇ 1984ರಲ್ಲಿ. ಪಿ.ಟಿ. ಉಷಾ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಪದಕ ಕಳೆದುಕೊಂಡ ಅದೇ ಲಾಸ್ ಏಂಜಲೀಸ್.

ಇನ್ನು ಜಪಾನ್. ಅಲ್ಲಿ ಹೊಸ ವರ್ಷದ ಹಬ್ಬ ಅಂದರೆ ಜನವರಿ 2 ಮತ್ತು 3ಕ್ಕೆ ಮನೆಮಂದಿಯೆಲ್ಲಾ ಟಿವಿ ಮುಂದೆ ಕೂತು ಕಾಲೇಜು ಹುಡುಗರು ಓಡುವುದನ್ನು ನೋಡುತ್ತಾರೆ. ಹಕೋನೆ ಎಕಿಡೆನ್. ಟೋಕಿಯೋದಿಂದ ಹಕೋನೆ ಬೆಟ್ಟಕ್ಕೆ ಹೋಗಿ ವಾಪಸ್, ಸುಮಾರು 217 ಕಿಲೋಮೀಟರ್, ಒಂದು ತಂಡಕ್ಕೆ ಹತ್ತು ಜನ, ಒಬ್ಬೊಬ್ಬರಿಗೂ ಇಪ್ಪತ್ತು ಕಿಲೋಮೀಟರಿನ ಆಸುಪಾಸು. 1920ರಿಂದ ನಡೆದುಬಂದಿದೆ, ನಮ್ಮ ಚೌಗುಲೆಯವರು ಆಂಟ್ವರ್ಪಿನಲ್ಲಿ ಓಡಿದ ವರ್ಷವೇ. ರಿಲೇ ಅಂದರೆ ನಮಗೆ ಕೋಲು, ಅವರಿಗೆ ಕೋಲಲ್ಲ, ಜನಿವಾರದ ಹಾಗೆ ಅಡ್ಡ ಹಾಕಿಕೊಳ್ಳುವ ಒಂದು ಬಟ್ಟೆಯ ಪಟ್ಟಿ, ತಸುಕಿ. ಕಾಲೇಜಿನ ಬಣ್ಣದ್ದು. ಒಬ್ಬನ ಬೆವರಲ್ಲಿ ತೊಯ್ದದ್ದು ಇನ್ನೊಬ್ಬನ ಹೆಗಲಿಗೆ ಹೋಗುತ್ತದೆ. ಒಂದು ತಂಡ ತುಂಬಾ ಹಿಂದೆ ಬಿದ್ದರೆ ರಸ್ತೆ ಎಷ್ಟು ಹೊತ್ತು ಮುಚ್ಚಿಡುವುದು ಅಂತ ಮುಂದಿನವನನ್ನು ಕಾಯಿಸದೆ ಓಡಿಸಿಬಿಡುತ್ತಾರೆ. ಹಿಂದಿನವನು ಬಂದು ನೋಡಿದರೆ ಪಟ್ಟಿ ತೆಗೆದುಕೊಳ್ಳಲು ಯಾರೂ ಇಲ್ಲ. ಕೆಲವೊಮ್ಮೆ ಕೆಲವೇ ಸೆಕೆಂಡಿನಲ್ಲಿ ತಪ್ಪಿಹೋಗುತ್ತದೆ. ಆ ಹುಡುಗರು ರಸ್ತೆಯಲ್ಲೇ ಬಿದ್ದು ಅಳುತ್ತಾರೆ. ತಾನು ಸೋತೆ ಅಂತಲ್ಲ, ಪಟ್ಟಿ ನನ್ನ ಕೈಯಲ್ಲಿ ನಿಂತಿತಲ್ಲ ಅಂತ. ನನಗೆ ಇದು ಸ್ವಲ್ಪ ಜಾಸ್ತಿಯಾಯಿತು ಅನ್ನಿಸುತ್ತದೆ, ಇಪ್ಪತ್ತು ವರ್ಷದ ಹುಡುಗನ ಮೇಲೆ ಅಷ್ಟು ಭಾರ ಹಾಕಬಾರದು. ಆದರೂ ವಿಡಿಯೋ ನೋಡುವಾಗ ಕಣ್ಣು ಒದ್ದೆಯಾಯಿತು.

ಆ ಓಟ ಹುಟ್ಟಲು ಕಾರಣರಾದವರಲ್ಲಿ ಕನಕುರಿ ಶಿಜೊ ಅನ್ನುವವರು ಮುಖ್ಯರು. ಅವರದ್ದೇ ಒಂದು ಕಥೆ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಭಯಂಕರ ಬಿಸಿಲು. ಅರ್ಧ ದಾರಿಯಲ್ಲಿ ತಲೆ ತಿರುಗಿ ಯಾರದೋ ಮನೆಯ ತೋಟಕ್ಕೆ ಹೋದರು, ಅವರು ಕುಡಿಯಲು ಕೊಟ್ಟರು, ಸುಧಾರಿಸಿಕೊಂಡು ನಾಚಿಕೆಯಿಂದ ಯಾರಿಗೂ ಹೇಳದೆ ವಾಪಸ್ ಹೋದರು. ಓಟದ ಪಟ್ಟಿಯಲ್ಲಿ ಮನುಷ್ಯ ನಾಪತ್ತೆ. 1967ರಲ್ಲಿ ಸ್ವೀಡನ್ನಿನವರು ಕರೆದು ಉಳಿದದ್ದು ಮುಗಿಸಿ ಅಂದರು. 75 ವರ್ಷದ ಅಜ್ಜ ಬಂದು ಗೆರೆ ದಾಟಿದರು. ಅವರ ಟೈಮು 54 ವರ್ಷ, 8 ತಿಂಗಳು, 6 ದಿನ, 5 ಗಂಟೆ, 32 ನಿಮಿಷ, 20.3 ಸೆಕೆಂಡ್. ದಾರಿಯಲ್ಲಿ ಮದುವೆ, ಮಕ್ಕಳು, ಮೊಮ್ಮಕ್ಕಳು ಎಲ್ಲಾ ಆದವು ಅಂತ ನಕ್ಕರಂತೆ. ಭರ್ತಿ ಹುಡುಗರು ಸಭೆಯಲ್ಲಿ ಜೋರಾಗಿ ನಕ್ಕಿದ್ದು ಇದೊಂದಕ್ಕೇ.

ಇನ್ನು ಕೆಲವನ್ನು ಬೇಗ ಹೇಳಿಬಿಡುತ್ತೇನೆ. ದಕ್ಷಿಣ ಆಫ್ರಿಕಾದಲ್ಲಿ ಕಾಮ್ರೇಡ್ಸ್ ಓಟ ಇದೆ, ಮೊದಲ ಮಹಾಯುದ್ಧದಲ್ಲಿ ಸತ್ತ ಸೈನಿಕರ ನೆನಪಿಗೆ 1921ರಲ್ಲಿ ಶುರುವಾಗಿದ್ದು, ಸುಮಾರು 90 ಕಿಲೋಮೀಟರ್. ಹನ್ನೆರಡು ಗಂಟೆಯ ಗಡುವು. ಗಡುವಿನ ಹೊತ್ತಿಗೆ ಒಬ್ಬರು ಓಟಗಾರರಿಗೆ ಬೆನ್ನು ಮಾಡಿ ನಿಂತು ಗುಂಡು ಹಾರಿಸುತ್ತಾರೆ, ಯಾರು ಬರುತ್ತಿದ್ದಾರೆ ಅಂತ ಕಂಡರೆ ಕೈ ತಡೆಯುತ್ತದಲ್ಲ, ಅದಕ್ಕೆ. ಮೊದಲು ಬಂದವನನ್ನು ನೋಡಲು ಎಷ್ಟು ಜನ ಇರುತ್ತಾರೋ, ಕೊನೇ ಹತ್ತು ನಿಮಿಷ ನೋಡಲೂ ಅಷ್ಟೇ ಜನ ಕಾಯುತ್ತಾರೆ. ಆಫ್ರಿಕಾದ್ದೇ ಬುರುಂಡಿ ಅನ್ನುವ ದೇಶದಲ್ಲಿ ಜನ ವಾರದ ಕೊನೆಗೆ ಗುಂಪು ಕಟ್ಟಿಕೊಂಡು ಹಾಡು ಹೇಳುತ್ತಾ ಗುಡ್ಡ ಹತ್ತಿ ಓಡುತ್ತಿದ್ದರು, 2014ರಲ್ಲಿ ಸರ್ಕಾರ ಹೆದರಿ ಅದಕ್ಕೇ ನಿರ್ಬಂಧ ಹಾಕಿತು. ಓಟಕ್ಕೆ ಹೆದರುವ ಸರ್ಕಾರ! ಒಬ್ಬೊಬ್ಬರೇ ಓಡಿದ್ದರೆ ಹೆದರುತ್ತಿರಲಿಲ್ಲ, ಅಲ್ವಾ?

ಮತ್ತೆ ನಾವು ಈಗ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಮಾಡುತ್ತೇವಲ್ಲ, ಒಬ್ಬರೇ, ಆರೋಗ್ಯಕ್ಕಾಗಿ, ಕಿವಿಯಲ್ಲಿ ಹಾಡು ಹಾಕಿಕೊಂಡು, ಅದು ಎಲ್ಲಕ್ಕಿಂತ ಹೊಸದು. ನ್ಯೂಜಿಲೆಂಡಿನಲ್ಲಿ ಆರ್ಥರ್ ಲಿಡಿಯಾರ್ಡ್ ಅನ್ನುವ ಕೋಚು ಹೃದಯದ ತೊಂದರೆ ಇದ್ದವರನ್ನು ನಿಧಾನಕ್ಕೆ ಓಡಿಸುತ್ತಿದ್ದ. ಅದನ್ನು 1962ರ ಕೊನೆಗೆ ನೋಡಿಬಂದ ಬಿಲ್ ಬೋವರ್‌ಮನ್ ಅನ್ನುವ ಇನ್ನೊಬ್ಬ ಕೋಚು ಅಮೆರಿಕದಲ್ಲಿ ಹಬ್ಬಿಸಿದ. ಜಾಗಿಂಗ್ ಅನ್ನುವುದು ಊರೆಲ್ಲಾ ಆಗಿದ್ದು ಆಮೇಲೆ. ಹಾಲಿನ ಅಜ್ಜನಿಗೆ ಅದು ಅರ್ಥವಾಗದೇ ಇದ್ದಿದ್ದರಲ್ಲಿ ಆಶ್ಚರ್ಯ ಇಲ್ಲ.

ಹಾಗಾದರೆ ನಮ್ಮ ಕಡೆ ಓಟ ಎಲ್ಲಿದೆ? ಕಾರ ಹುಣ್ಣಿಮೆಗೆ ಹೋಗಿ ನೋಡಿ. ಎತ್ತು ತೊಳೆದು, ಕೋಡಿಗೆ ಬಣ್ಣ ಬಳಿದು, ಕೋಡಣಸು ಕಟ್ಟಿ, ಸಂಜೆ ಅಗಸಿಯ ಹತ್ತಿರ ಕರಿ ಹರಿಯುತ್ತಾರೆ, ಅಂದರೆ ಎತ್ತು ಓಡಿಸುತ್ತಾರೆ. ಬಿಳಿ ಎತ್ತು ಮುಂದೆ ಬಂದರೆ ಹಿಂಗಾರಿ ಜೋಳ ಚೆಂದ, ಕೆಂದ ಎತ್ತು ಬಂದರೆ ಮುಂಗಾರಿ ಅಂತ ಹಿರಿಯರು ಹೇಳುತ್ತಾರೆ. ಎತ್ತಿನ ಹಗ್ಗ ಹಿಡಿದು ಓಡುವ ಹುಡುಗನ ಕಾಲು ಯಾರೂ ನೋಡುವುದಿಲ್ಲ, ನಾನು ನೋಡುತ್ತೇನೆ, ಪಿಟಿ ಟೀಚರ್ ಬುದ್ಧಿ. ಕರಾವಳಿಯಲ್ಲಿ 2020ರಲ್ಲಿ ಕಂಬಳದ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲಾ ಉಸೇನ್ ಬೋಲ್ಟ್ ಅಂತ ಕುಣಿಯಿತು. ವೇಗ ಕೋಣಗಳದ್ದು, ನನ್ನದಲ್ಲ ಅಂತ ಅವರು ನಕ್ಕು ಸುಮ್ಮನಾದರು. ಕೆಸರು ಗದ್ದೆಗೂ ಟ್ರ್ಯಾಕಿಗೂ ವ್ಯತ್ಯಾಸ ಅವರಿಗೆ ಗೊತ್ತಿತ್ತು, ಟಿವಿಯವರಿಗೆ ಗೊತ್ತಿರಲಿಲ್ಲ. ನಮ್ಮ ಕಡೆಯಿಂದ ಪಂಢರಪುರಕ್ಕೆ ದಿಂಡಿ ಹೋಗುವವರು ಇದ್ದಾರೆ. ತುಕಾರಾಮರು ವೇಳಾಪುರದ ದಿನ್ನೆ ಮೇಲಿಂದ ವಿಠ್ಠಲನ ಗುಡಿಯ ಶಿಖರ ಕಂಡು ಓಡಿದರು ಅಂತ ಇವತ್ತಿಗೂ ವಾರಕರಿಗಳು ಅಲ್ಲಿ ಓಡುತ್ತಾರೆ, ಅದಕ್ಕೆ ಧಾವಾ ಅಂತ ಹೆಸರು. ಎಂಬತ್ತರ ಮುದುಕಿಯರು, ತಲೆ ಮೇಲೆ ತುಳಸಿ ಕಟ್ಟೆ ಹೊತ್ತುಕೊಂಡು! ಅವರನ್ನು ನಿಲ್ಲಿಸಿ ಯಾಕವ್ವಾ ಏನಾತು ಅಂತ ಯಾರೂ ಕೇಳುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಓಟ ನಮ್ಮ ಭರ್ತಿ ಹುಡುಗರದ್ದು. ನಾಲ್ಕೂವರೆಗೆ ಎದ್ದು ಕ್ರೀಡಾಂಗಣದಲ್ಲಿ, ಬೈಪಾಸ್ ರಸ್ತೆಯಲ್ಲಿ "ರನ್ನಿಂಗ್ ಹೊಡೆಯುವ" ಹುಡುಗರು. ಸೈನ್ಯದ ರ್‍ಯಾಲಿಯಲ್ಲಿ 1,600 ಮೀಟರ್, 5 ನಿಮಿಷ 30 ಸೆಕೆಂಡಿನೊಳಗೆ ಬಂದರೆ ಪೂರ್ತಿ 60 ಅಂಕ. ಪೊಲೀಸ್ ಕಾನ್‌ಸ್ಟೇಬಲ್‌ಗೆ ಅಷ್ಟೇ ದೂರ, ಆರೂವರೆ ನಿಮಿಷ. ಮಳೆಗಾಲದಲ್ಲಿ ಎರಿ ಮಣ್ಣು ಬೂಟಿಗೆ ಮೆತ್ತಿಕೊಂಡು ಒಂದೊಂದು ಕಾಲು ಒಂದೊಂದು ಕಿಲೋ ಆಗುತ್ತದೆ, ಆದರೂ ಬಿಡುವುದಿಲ್ಲ. ಕೆಲವರು ಇವರನ್ನು ನೋಡಿ ನೌಕರಿಗಾಗಿ ಓಡುತ್ತಾರೆ, ಕ್ರೀಡೆಗಾಗಿ ಅಲ್ಲ ಅಂತ ಮೂಗು ಮುರಿಯುತ್ತಾರೆ. ಮಿಲ್ಖಾ ಸಿಂಗ್ ಸೈನ್ಯದಲ್ಲಿ ಓಡಲು ಶುರು ಮಾಡಿದ್ದು ದಿನಾ ಒಂದು ಗ್ಲಾಸ್ ಹೆಚ್ಚಿನ ಹಾಲಿಗಾಗಿ. ಒಲಿಂಪಿಕ್ ಮ್ಯಾರಥಾನ್ ಗೆದ್ದ ಅಬೆಬೆ ಬಿಕಿಲಾ ಇಥಿಯೋಪಿಯಾದ ಅರಸನ ಕಾವಲು ಪಡೆಯ ಸಿಪಾಯಿ. ಹೊಟ್ಟೆಗಾಗಿ ಓಡುವುದರಲ್ಲಿ ನಾಚಿಕೆ ಏನೂ ಇಲ್ಲ. ನನ್ನ ತಕರಾರು ಬೇರೆ. ಕೆನ್ಯಾದಲ್ಲಿ ನೌಕರಿ ಸಿಕ್ಕ ದಿನ ಓಟ ಶುರುವಾಗುತ್ತದೆ, ನಮ್ಮಲ್ಲಿ ನೌಕರಿ ಸಿಕ್ಕ ದಿನ ಮುಗಿಯುತ್ತದೆ. ಆರ್ಡರ್ ಕೈಗೆ ಬಂತು, ಬೂಟು ಅಟ್ಟಕ್ಕೆ ಹೋಯಿತು, ಎರಡು ವರ್ಷಕ್ಕೆ ಹೊಟ್ಟೆ ಬಂತು. ಸಿಗದವನದ್ದು ಇನ್ನೂ ಕಷ್ಟ. ವಯಸ್ಸು ಮೀರಿದ ದಿನದಿಂದ ಅವನು ಆ ರಸ್ತೆ ಕಡೆ ತಲೆ ಹಾಕುವುದಿಲ್ಲ. ಐದು ವರ್ಷ ದಿನಾ ಓಡಿದ ಕಾಲು, ಒಂದು ಪಟ್ಟಿಯಲ್ಲಿ ಹೆಸರು ಬರಲಿಲ್ಲ ಅಂತ ನಿಂತುಬಿಡುತ್ತದೆ. ಅವನಿಗೆ ಒಂದು ಗುಂಪು ಇದ್ದಿದ್ದರೆ ನಿಲ್ಲುತ್ತಿರಲಿಲ್ಲ ಅಂತ ನನ್ನ ಅನಿಸಿಕೆ. ಅದಕ್ಕೇ ಈಗ ನಾವು ಹದಿನೈದು ಜನ ಬೆಳಗ್ಗೆ ಐದೂವರೆಗೆ ಸೇರುತ್ತೇವೆ. ಮೂವರು ಭರ್ತಿ ತಪ್ಪಿದವರು, ಒಬ್ಬ ಹೋಟೆಲ್ ಮಾಲೀಕ, ನಾನು, ನಾಲ್ಕು ಹುಡುಗಿಯರು, ಇಬ್ಬರು ಅವರ ತಾಯಂದಿರು, ಮಿಕ್ಕವರು ದಿನಾ ಬದಲಾಗುತ್ತಾರೆ. ಕೊನೆಯವರು ಬರುವ ತನಕ ಯಾರೂ ಚಹಾ ಕುಡಿಯುವಂತಿಲ್ಲ, ಅದೊಂದೇ ನಿಯಮ.

ಮಾತು ಮುಗಿದ ಮೇಲೆ ಪ್ರಶ್ನೆ ಕೇಳಿ ಅಂದರು. ಬರಿಗಾಲಲ್ಲಿ ಓಡುವುದೇ ಒಳ್ಳೆಯದಂತಲ್ಲಾ ಮೇಡಂ ಅಂತ ಒಬ್ಬ ಕೇಳಿದ, ಬಿಕಿಲಾನ ಹೆಸರನ್ನೇ ಹಿಡಿದು. 1960ರಲ್ಲಿ ರೋಮಿನಲ್ಲಿ ಬರಿಗಾಲಲ್ಲಿ ಗೆದ್ದಿದ್ದು ನಿಜ, 2 ಗಂಟೆ 15 ನಿಮಿಷ. ಅವನೇ 1964ರಲ್ಲಿ ಟೋಕಿಯೋದಲ್ಲಿ, ಅಪೆಂಡಿಕ್ಸ್ ಆಪರೇಷನ್ ಆಗಿ ಸುಮಾರು ಆರು ವಾರಕ್ಕೆ, ಬೂಟು ಹಾಕಿಕೊಂಡು 2 ಗಂಟೆ 12 ನಿಮಿಷಕ್ಕೆ ಮುಗಿಸಿದ ಅಂದೆ. ನಮ್ಮಲ್ಲಿ ಬಳ್ಳಾರಿ ಜಾಲಿ ಮುಳ್ಳು ಬೇರೆ ಇದೆ, ಬೂಟು ಹಾಕಪ್ಪಾ. ಇನ್ನೊಬ್ಬ ಏನು ತಿನ್ನಬೇಕು ಅಂದ. ಕೆನ್ಯಾದವರು ಮೆಕ್ಕೆಜೋಳದ ಉಗಾಲಿ ತಿನ್ನುತ್ತಾರೆ, ರಾರಾಮುರಿಯವರು ಹುರಿದ ಮೆಕ್ಕೆಜೋಳದ ಹಿಟ್ಟು, ಇಥಿಯೋಪಿಯಾದವರು ಟೆಫ್ ಅನ್ನುವ ಸಣ್ಣ ಧಾನ್ಯದ ರೊಟ್ಟಿ. ನಿನ್ನ ಮನೆಯಲ್ಲಿ ಏನಿದೆ ಅಂದೆ. "ಬಿಳಿ ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ" ಅಂದ. ಡಬ್ಬಿಯ ಪೌಡರು ಮಾರುವವರ ಮಾತು ಕೇಳಿ ಅವ್ವನ ರೊಟ್ಟಿ ಬಿಡಬೇಡ ಅಂದೆ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬಳು ಹುಡುಗಿ ಎದ್ದಳು. "ಟೀಚರ್, ಇವೆಲ್ಲಾ ಖರೆ. ಆದರ ನಸುಕಿನ್ಯಾಗ ನಾಯಿ ಬೆನ್ನ ಹತ್ತಿದ್ರ ಏನ್ ಮಾಡೂದ್ರಿ?"

ಅವತ್ತಿನ ಪ್ರಶ್ನೆಗಳಲ್ಲಿ ಉಪಯೋಗಕ್ಕೆ ಬರುವುದು ಅದೊಂದೇ ಇತ್ತು. ಓಡಬೇಡ ಅಂದೆ. ಅಲ್ಲೇ ನಿಂತುಕೋ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡ, ಮೆಲ್ಲಗೆ ಹಿಂದೆ ಸರಿ, ನಾವು ಹಿಂದಿನಿಂದ ಬರುತ್ತಿರುತ್ತೇವೆ.